ಸಿಮ್ಯುಲೇಟರ್ ಪೈಲಟ್ ಬೇಗ ಸಾಯಬಾರದು ಅಂದ್ರೆ

ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್ ಆಟದಲ್ಲಿ ಮೊದಲ ಮಹಾಯುದ್ಧದ ಕೆರಿಯರ್ (ಒಬ್ಬನೇ ಪೈಲಟ್ ಆಗಿ ಮಿಷನ್ ಮೇಲೆ ಮಿಷನ್ ಹಾರುವುದು) ಆಡುವ ಮಂಗಳೂರಿನವರಿಗೆ ಒಂದು ಮಾತು ಮಾರಾಯ್ರೆ. ವೈರಿ ವಿಮಾನ ಕಂಡ ಕೂಡಲೇ ನುಗ್ಗಬೇಡಿ. ಮೊದಲು ಮೇಲೇರಿ, ಸೂರ್ಯ ಬೆನ್ನ ಹಿಂದೆ ಇರಲಿ, ತೀರಾ ಹತ್ತಿರ ಹೋದ ಮೇಲೆಯೇ ಗುಂಡು ಹಾರಿಸಿ. ಜರ್ಮನ್ ಪೈಲಟ್ ಓಸ್ವಾಲ್ಡ್ ಬೋಲ್ಕೆ 1916ರಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟಿದ್ದ. ಅದೇ ವರ್ಷ ಅಕ್ಟೋಬರ್ 28ರಂದು ಅವನು ಸತ್ತದ್ದು ವೈರಿಯ ಗುಂಡಿನಿಂದಲ್ಲ, ಜೊತೆಗಾರನ ವಿಮಾನ ತಾಗಿ! ಹಾಗಾಗಿ ಒಬ್ಬನೇ ವೈರಿಯ ಹಿಂದೆ ಇಬ್ಬರು ಬೀಳಬೇಡಿ. ಕಂಪ್ಯೂಟರ್ ಓಡಿಸುವ ಜೊತೆಗಾರ ದಾರಿ ಬಿಡುತ್ತಾನೆ ಅಂತ ನಂಬಲೇಬೇಡಿ. ಕೆಳಕ್ಕೆ ಓಡುವವನನ್ನು ಅಟ್ಟಿಸಿಕೊಂಡು ವೈರಿ ನೆಲದ ಮೇಲೆ ಹೋಗುವುದೂ ಬೇಡ. ಎಂಜಿನ್‌ಗೆ ಏಟು ಬಿದ್ದರೆ ಸುಮ್ನೆ ವಾಪಸ್ ಬನ್ನಿ. ಮತ್ತೆ, ನಮ್ಮ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಮಿಷನ್ ಶುರು ಮಾಡಬೇಡಿ. ಸಿಡಿಲು ಜಾಸ್ತಿಯಾದರೆ ಪ್ಲಗ್ಗೇ ಕಿತ್ತುಬಿಡಿ. ಪೈಲಟ್ ಹೋದರೂ ಪಿಸಿ ಉಳಿಯುತ್ತದೆ, ಅಲ್ವಾ?