ದೋಣಿಯ ಕಿಟಕಿ ಸೋರಿದರೆ ಯಾವ ಸೀಲಂಟ್ ಹಾಕಬೇಕು?

ಕಿಟಕಿ ಸೋರುವ ದೋಣಿಯನ್ನು ಶ್ರೀರಂಗಪಟ್ಟಣದ ನಮ್ಮ ಫೈಬರ್ ವರ್ಕ್‌ಶಾಪಿಗೆ ತರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಟ್ಯೂಬ್ ಆಗಲೇ ಇರುತ್ತದೆ. "ಅಂಗಡಿಯವರು ಇದೇ ಎಲ್ಲಕ್ಕಿಂತ ಗಟ್ಟಿ ಎಂದರು, ಇದನ್ನೇ ಹಚ್ಚಿಬಿಡಿ ಅಣ್ಣ" ಎನ್ನುತ್ತಾರೆ. ನಾನು ಟ್ಯೂಬನ್ನು ಪಕ್ಕಕ್ಕಿಟ್ಟು ಮೊದಲು ಕಿಟಕಿಯನ್ನು ಬೆರಳಿನಿಂದ ತಟ್ಟಿ ನೋಡುತ್ತೇನೆ. ಸೀಲಂಟ್ ಎಷ್ಟು ಗಟ್ಟಿ ಎಂಬುದು ಆಮೇಲಿನ ಮಾತು. ಕಿಟಕಿಗೆ ಹಾಕಿರುವುದು ಗಾಜೋ, ಅಕ್ರಿಲಿಕ್ಕೋ, ಪಾಲಿಕಾರ್ಬೊನೇಟೋ ಎಂಬುದು ಗೊತ್ತಾಗದೆ ಯಾವ ಟ್ಯೂಬನ್ನೂ ಕೊಳ್ಳಬಾರದು.

ತಟ್ಟಿದಾಗ ಗಾಜು ಟಣ್ ಎನ್ನುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಸದ್ದು ಮಂಕು. ಬಿಸಿಲಲ್ಲಿ ಓರೆಯಾಗಿ ನೋಡಿದಾಗ ಒಳಗೆಲ್ಲ ಕೂದಲೆಳೆಯಂಥ ಬಿರುಕುಗಳ ಬಲೆ ಕಂಡರೆ ಅದು ಹೆಚ್ಚಾಗಿ ವಯಸ್ಸಾದ ಅಕ್ರಿಲಿಕ್. ಪಾಲಿಕಾರ್ಬೊನೇಟ್ ಬಗ್ಗಿಸಿದರೆ ಬಗ್ಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ನಮ್ಮ ಕಡೆಯ ಕೆರೆ, ಹಿನ್ನೀರುಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಮುಚ್ಚಿದ ಛಾವಣಿಯ ದೋಣಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಅಕ್ರಿಲಿಕ್. ಬೋರ್ಡ್ ಮಾಡುವವರ ಬಳಿ ಸುಲಭವಾಗಿ ಸಿಗುತ್ತದೆ, ಬೇಕಾದ ಆಕಾರಕ್ಕೆ ಕತ್ತರಿಸಬಹುದು.

ಈ ಅಕ್ರಿಲಿಕ್ಕಿನ ಗುಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಸಿಗೆ ಅದು ಗಾಜಿಗಿಂತ ಏಳೆಂಟು ಪಟ್ಟು, ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಹಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪುಷ್ಯದ ನಸುಕಿನಲ್ಲಿ 15 ಡಿಗ್ರಿ ಇದ್ದದ್ದು ಬೇಸಿಗೆಯ ಬಿಸಿಲಿಗೆ 60 ಡಿಗ್ರಿಗೆ ಕಾದರೆ ಹಾಳೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟು ಉದ್ದವಾಗುವುದು ಒಂದೇ ಮಿಲಿಮೀಟರ್. ಉಳಿದ 2 ಮಿಲಿಮೀಟರ್ ಎಳೆತವನ್ನು ನಡುವಿನ ಸೀಲಂಟೇ ತಡೆದುಕೊಳ್ಳಬೇಕು, ಅದೂ ವರ್ಷವಿಡೀ ಹಿಂದಕ್ಕೂ ಮುಂದಕ್ಕೂ. ಮಾರ್ಚ್, ಏಪ್ರಿಲ್ ಬಿಸಿಲು ಬಿಡಿಸಿಟ್ಟ ಸಂದನ್ನು ಭರಣಿ ಮಳೆ ತೋರಿಸಿಕೊಡುತ್ತದೆ. ಎಂ-ಸೀಲ್ ಈ ಕೆಲಸಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ಪೈಪಿನ ಜೋಡಣೆಗೆ ಅದು ಒಳ್ಳೆಯ ವಸ್ತು, ಆದರೆ ಒಣಗಿದ ಮೇಲೆ ಕಲ್ಲಾಗುತ್ತದೆ. ಕಿಟಕಿಗೆ ಬೇಕಾದದ್ದು ಜಗ್ಗಿದರೆ ಜಗ್ಗಿ ಮತ್ತೆ ತನ್ನ ಜಾಗಕ್ಕೆ ಮರಳುವ ರಬ್ಬರಿನ ಗುಣ.

ಇನ್ನು ಟ್ಯೂಬಿನ ವಿಷಯ. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟಿಗೆ ನನ್ನ ಮೊದಲ ಆಯ್ಕೆ ನ್ಯೂಟ್ರಲ್ ಕ್ಯೂರ್ ಸಿಲಿಕೋನ್. ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂಬ ಪದ ಇರಲೇಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಅಕ್ವೇರಿಯಂ ಗಾಜಿಗೆ ಸರಿ, ಆದರೆ ಹಿತ್ತಾಳೆ, ತಾಮ್ರ, ಸತು ಲೇಪಿಸಿದ ಸ್ಕ್ರೂಗಳನ್ನು ಅದು ತಿನ್ನುತ್ತದೆ. ಬಿಸಿಲನ್ನು ತಡೆಯುವುದರಲ್ಲಿ ಸಿಲಿಕೋನಿಗೆ ಸಮನಾದದ್ದು ಇಲ್ಲ. ಅದರ ಕೆಟ್ಟ ಗುಣವನ್ನೂ ತಿಳಿದಿರಿ: ಒಮ್ಮೆ ಹಚ್ಚಿದ ಜಾಗದಲ್ಲಿ ಕಣ್ಣಿಗೆ ಕಾಣದ ಪದರ ಉಳಿಯುತ್ತದೆ, ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ.

ಪಾಲಿಯುರಿಥೇನ್, ಅಂದರೆ ಪೇಟೆಯಲ್ಲಿ 'ಪಿಯು' ಎಂದು ಕೇಳುವ ಟ್ಯೂಬ್, ಬಹಳ ಬಲವಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟನ್ನು ಫೈಬರ್ ಗೋಡೆಗೆ ಕೂರಿಸಲು ನಾನು ಇದನ್ನೇ ಬಳಸುತ್ತೇನೆ. ಆದರೆ ಪಾರದರ್ಶಕ ಹಾಳೆಯ ಹಿಂದೆ ಹಾಕಿದರೆ ಬಿಸಿಲು ಹಾಳೆಯನ್ನು ದಾಟಿ ಒಳಗಿನ ಅಂಟನ್ನೇ ಸುಡುತ್ತದೆ. ಕಾರಿನ ಮುಂಗಾಜಿನ ಅಂಚಿಗೆ ಕಪ್ಪು ಪಟ್ಟಿ ಇರುವುದು ಚೆಂದಕ್ಕಲ್ಲ, ಒಳಗಿನ ಪಿಯು ಅಂಟಿಗೆ ನೆರಳು ಕೊಡುವುದಕ್ಕೆ. ನಿಮ್ಮ ಕಿಟಕಿಗೆ ಅಂಥ ಪಟ್ಟಿ ಇಲ್ಲದಿದ್ದರೆ ಹಾಳೆಗೆ ಪಿಯು ಬೇಡ. ಪಿಯುವಿನಲ್ಲೂ ತೀರ ಬಲವಾದವನ್ನು, ಉದಾಹರಣೆಗೆ 3ಎಂ 5200 ಅನ್ನು, ಕಿಟಕಿಗೆ ತರಬೇಡಿ. ಮುಂದೆ ಹಾಳೆ ಬದಲಿಸುವ ದಿನ ಬಂದೇ ಬರುತ್ತದೆ, ಆಗ ಫೈಬರ್ ಕಿತ್ತುಕೊಂಡೇ ಅದು ಹೊರಬರುವುದು.

ಪಾಲಿಸಲ್ಫೈಡ್ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ: ಅಕ್ರಿಲಿಕ್, ಪಾಲಿಕಾರ್ಬೊನೇಟ್, ಪಿವಿಸಿ ಇವುಗಳ ಹತ್ತಿರಕ್ಕೂ ಅದನ್ನು ತರಬೇಡಿ. ನೀರಿನ ಟ್ಯಾಂಕುಗಳ ಜಾಯಿಂಟಿಗೆ ಕಟ್ಟಡದವರು ಬಳಸುವುದು ಇದನ್ನೇ. ತೇಗದ ಹಲಗೆಗೆ, ನೀರಿನೊಳಗೆ ಇರುವ ಭಾಗಕ್ಕೆ ತುಂಬ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಅದು ಪೆಡಸಾಗಿಸಿ ಒಡೆಯುತ್ತದೆ. 'ಮರೈನ್' ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಕೆಲವರು ಇದನ್ನು ದುಬಾರಿ ಬೆಲೆಗೆ ತರುತ್ತಾರೆ. ನಾನು ಕೆಲಸ ಕಲಿತದ್ದು ಮಲ್ಪೆಯಲ್ಲಿ. ಅಲ್ಲಿ ಉಪ್ಪುನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಬೇಕು, ಇಲ್ಲಿ ಕಾವೇರಿಯ ಸಿಹಿನೀರಿಗೆ 304 ಸಾಕು. ಸೀಲಂಟಿನಲ್ಲೂ ಹಾಗೆಯೇ. ಕಿಟಕಿ ಇರುವುದು ನೀರಿನ ಮಟ್ಟಕ್ಕಿಂತ ಮೇಲೆ, ಅದರ ಶತ್ರು ಬಿಸಿಲು.

ಬ್ಯೂಟೈಲ್ ಟೇಪಿಗೆ, ಅಂದರೆ ಸುರುಳಿಯಲ್ಲಿ ಬರುವ ಮೆತ್ತನೆಯ ಜಿಗುಟು ರಬ್ಬರ್ ಪಟ್ಟಿಗೆ, ನಮ್ಮಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಒಳಗೊಂದು, ಹೊರಗೊಂದು ಚೌಕಟ್ಟು ಇಟ್ಟು ಸ್ಕ್ರೂನಿಂದ ಬಿಗಿಯುವ ಕಿಟಕಿಗೆ ಇದು ಅತ್ಯುತ್ತಮ. ಗಟ್ಟಿಯಾಗುವುದೇ ಇಲ್ಲ, ಬೇಕೆಂದಾಗ ಬಿಚ್ಚಬಹುದು. ಆದರೆ ಅಂಟಿಸಿ ಹಿಡಿದಿಡುವ ಬಲ ಇದಕ್ಕಿಲ್ಲ. ಸ್ಕ್ರೂ ಇಲ್ಲದ ಕಿಟಕಿಗೆ ಆಗದು. ರಬ್ಬರ್ ಬೀಡಿಂಗಿನಲ್ಲಿ ಕೂತಿರುವ ಕಿಟಕಿ ಸೋರಿದರೆ ಸೀಲಂಟ್ ತುಂಬುವ ಬದಲು ಬೀಡಿಂಗ್ ಬದಲಿಸಿ.

ಹಚ್ಚುವ ಮೊದಲು ನೀರು ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಿ. ಒಳಗೆ ಹನಿ ಬೀಳುವ ಜಾಗದಲ್ಲೇ ತೂತು ಇರಬೇಕೆಂದಿಲ್ಲ, ನೀರು ಒಳಗೋಡೆಯ ಹಿಂದೆ ಹರಿದು ಮೊಳ ದೂರದಲ್ಲಿ ಇಳಿಯಬಹುದು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಹೊರಗಿನವರು ಕೆಳ ಅಂಚಿನಿಂದ ಶುರುಮಾಡಿ ಪೈಪಿನ ನೀರನ್ನು ನಿಧಾನವಾಗಿ ಮೇಲೇರಿಸಲಿ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಹಳೆಯದರ ಮೇಲೆ ಹೊಸದನ್ನು ಬಳಿಯುವುದರಿಂದ ಮುಂದಿನ ಮಳೆಯವರೆಗೆ ಸಮಾಧಾನ ಸಿಗುತ್ತದೆ, ಅಷ್ಟೇ. ಹಾಳೆಯನ್ನು ಪೂರ್ತಿ ಬಿಚ್ಚಿ, ಹಳೆಯ ಸೀಲಂಟನ್ನು ಕೆರೆದು ತೆಗೆಯಿರಿ. ಅಕ್ರಿಲಿಕ್ಕಿಗೆ ಥಿನ್ನರ್ ಅಥವಾ ಅಸಿಟೋನ್ ಸೋಕಿಸಲೇಬೇಡಿ, ಬಿರುಕು ಬಿಡುತ್ತದೆ; ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಚೌಕಟ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಹರಡದೆ ಮಣಿಯಾಗಿ ನಿಂತ ಕಡೆ ಹಳೆಯ ಸಿಲಿಕೋನ್ ಇನ್ನೂ ಇದೆ ಎಂದು ತಿಳಿದು ಮತ್ತೆ ಉಜ್ಜಿ.

ಸ್ಕ್ರೂ ತೂತುಗಳನ್ನೂ ನೋಡಿ. 5 ಮಿಲಿಮೀಟರ್ ಸ್ಕ್ರೂಗೆ ಹಾಳೆಯಲ್ಲಿ 8 ಮಿಲಿಮೀಟರ್ ತೂತು ಇದ್ದರೆ ಹಿಗ್ಗಲು ಜಾಗ ಸಿಗುತ್ತದೆ. ಬಿಗಿ ತೂತಿನಿಂದಲೇ ಹಾಳೆ ಸೀಳುವುದು. ಹಾಳೆಯ ಹಿಂದೆ ಅಲ್ಲಲ್ಲಿ 3 ಮಿಲಿಮೀಟರ್ ದಪ್ಪದ ರಬ್ಬರ್ ತುಂಡು ಇಡಿ. ಇಲ್ಲದಿದ್ದರೆ ಬಿಗಿದಾಗ ಸೀಲಂಟ್ ಎಲ್ಲ ಹೊರಗೆ ಒತ್ತಿಬಂದು, ಉಳಿದ ತೆಳು ಪದರ ಮೊದಲ ಬೇಸಿಗೆಗೇ ಹರಿಯುತ್ತದೆ. ಸೀಲಂಟನ್ನು ಎಲ್ಲೂ ಕಡಿಯದ ಒಂದೇ ಗೆರೆಯಾಗಿ ಎಳೆಯಿರಿ, ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿಕೊಂಡರೆ ಕೆಲಸ ಅಚ್ಚುಕಟ್ಟು. ಬೆಳಿಗ್ಗೆ ನೆರಳಿನಲ್ಲಿ ಮಾಡಿ. ನಡುಮಧ್ಯಾಹ್ನ ಹಾಳೆ ಪೂರ್ತಿ ಹಿಗ್ಗಿರುತ್ತದೆ.

ಟ್ಯೂಬಿನ ಮೇಲಿನ ಅವಧಿ ಮುಗಿಯುವ ತಾರೀಖನ್ನು ಅಂಗಡಿಯಲ್ಲೇ ಓದಿ. ಸಿಲಿಕೋನ್, ಪಿಯು ಎರಡೂ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥವು, ದಿನಕ್ಕೆ ಸುಮಾರು 2-3 ಮಿಲಿಮೀಟರ್ ಆಳದವರೆಗೆ. ನಮ್ಮ ಏಪ್ರಿಲ್ಲಿನ ಒಣಗಾಳಿಯಲ್ಲಿ ಇನ್ನೂ ನಿಧಾನ. ಮೇಲ್ಪದರ ಬೆರಳಿಗೆ ಅಂಟುವುದಿಲ್ಲ ಎಂದು ಮರುದಿನವೇ ದೋಣಿಯನ್ನು ನೀರಿಗಿಳಿಸಬೇಡಿ. ಅಗಲವಾದ ಜೋಡಣೆಗೆ ಒಂದು ವಾರ ಬಿಟ್ಟು, ಮೊದಲಿನಂತೆಯೇ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ನೋಡಿ, ಒಳಗಿರುವವರ ಕೈಯಲ್ಲಿ ಒಣ ದಿನಪತ್ರಿಕೆಯ ಹಾಳೆ ಇರಲಿ. ಒದ್ದೆಯಾದ ಅಂಗುಲ ಸಿಕ್ಕರೆ ಆ ಬದಿಯನ್ನು ಮಾತ್ರ ಕತ್ತರಿಸಿ ತೆಗೆದು, ಅದೇ ಸೀಲಂಟಿನಿಂದಲೇ ತುಂಬಿ.