ಸರ್ವೆ ಕಂಟ್ರೋಲರ್‌ಗೆ ಅಪ್‌ಡೇಟ್ ಹಾಕುವುದು ಹೇಗೆ?

ಮರುದಿನ ಕಾಲಮ್‌ಗಳಿಗೆ ಗುರುತು ಹಾಕುವ ಕೆಲಸವಿತ್ತು. ರಾತ್ರಿ ಕಂಟ್ರೋಲರ್ (ಸರ್ವೆ ಯಂತ್ರವನ್ನು ನಡೆಸುವ, ಕೈಯಲ್ಲಿ ಹಿಡಿಯುವ ಕಂಪ್ಯೂಟರ್) ಚಾರ್ಜಿಗೆ ಇಟ್ಟಾಗ, ಹೊಸ ಆವೃತ್ತಿ ಬಂದಿದೆ ಅಂತ ಪರದೆಯಲ್ಲಿ ಕಾಣಿಸಿತು. ಒತ್ತಿದೆ. ಸ್ವಲ್ಪ ಹೊತ್ತಿಗೆ ಮುಗಿಯಿತು. ಬೆಳಿಗ್ಗೆ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ನಿಲ್ಲಿಸಿ, ಬ್ಯಾಕ್‌ಸೈಟ್ ತೆಗೆದುಕೊಂಡು (ಗೊತ್ತಿರುವ ಬಿಂದುವಿಗೆ ಗುರಿಯಿಟ್ಟು ದಿಕ್ಕು ಹೊಂದಿಸಿ), ಕೋನ ಸರಿಯಿದೆ ಎಂದು ನೋಡಿ ಕೆಲಸ ಶುರು ಮಾಡಿದೆ. ಮಧ್ಯಾಹ್ನ ಸೈಟ್ ಎಂಜಿನಿಯರ್ ಹಳೆಯ ಗೋಡೆಯಿಂದ ಟೇಪ್ ಹಿಡಿದು ಅಳೆದರು. 3 ಸೆಂ.ಮೀ. ತಪ್ಪು.

ಆಮೇಲೆ ಗೊತ್ತಾಯಿತು. ಪ್ರಿಸಂ ಅಂದರೆ ಬಿಂದುವಿನ ಮೇಲೆ ಹಿಡಿಯುವ, ಯಂತ್ರದ ಬೆಳಕನ್ನು ವಾಪಸ್ ಕಳಿಸುವ ಗಾಜು. ಅದಕ್ಕಾಗಿ ದೂರದಲ್ಲಿ ಮಾಡುವ ತಿದ್ದುಪಡಿಯೇ ಪ್ರಿಸಂ ಕಾನ್‌ಸ್ಟಂಟ್. ಅದು −30 ಮಿ.ಮೀ. ಇರಬೇಕಾಗಿತ್ತು. ಅಪ್‌ಡೇಟ್ ಆದಾಗ ಅದು ಸೊನ್ನೆಗೆ ಹೋಗಿತ್ತು. ಹಾಗಾಗಿ ಯಂತ್ರ ಪ್ರತಿ ದೂರವನ್ನೂ 30 ಮಿ.ಮೀ. ಜಾಸ್ತಿ ತೋರಿಸುತ್ತಿತ್ತು. ನಾವು ಹೊಡೆದ ಗೂಟಗಳೆಲ್ಲ ಅಷ್ಟೇ ಅಳತೆಯಲ್ಲಿ ಯಂತ್ರದ ಕಡೆಗೆ ಸರಿದಿದ್ದವು. ಬ್ಯಾಕ್‌ಸೈಟ್ ಹಿಡಿದಾಗಲೇ ಪರದೆಯಲ್ಲಿ ದೂರದ ವ್ಯತ್ಯಾಸ 0.030 ಎಂದು ಬಂದಿತ್ತು. ಪ್ರಿಸಂ ಕಾನ್‌ಸ್ಟಂಟ್ ತಪ್ಪಾದರೆ ಕೋನಕ್ಕೆ ಏನೂ ಆಗುವುದಿಲ್ಲ. ನಾನು ಕೋನ ಮಾತ್ರ ನೋಡಿ ಮುಂದೆ ಹೋಗಿದ್ದೆ. ಗೂಟಗಳನ್ನೆಲ್ಲ ಕಿತ್ತು ಮತ್ತೆ ಹಾಕಬೇಕಾಯಿತು.

ಅಪ್‌ಡೇಟ್ ಹಾಕಿದ ಮೇಲೆ ಸಾಫ್ಟ್‌ವೇರ್ ತೆರೆದುಕೊಳ್ಳದೇ ಹೋದರೆ ಅಷ್ಟು ತೊಂದರೆಯಿಲ್ಲ, ತಕ್ಷಣ ಗೊತ್ತಾಗುತ್ತದೆ. ಎಲ್ಲವೂ ಸರಿಯಾಗಿ ನಡೆಯುತ್ತಾ, ಒಳಗೆ ಒಂದು ಸೆಟ್ಟಿಂಗ್ ಮಾತ್ರ ಸುಮ್ನೆ ಬದಲಾಗಿರುವುದೇ ದೊಡ್ಡ ಅಪಾಯ. ಅದನ್ನು ಹಿಡಿಯುವ ವಿಧಾನವನ್ನೇ ಇಲ್ಲಿ ಹೇಳುತ್ತೇನೆ.

1. ಯಾವುದಕ್ಕೆ ಅಪ್‌ಡೇಟ್ ಅಂತ ಮೊದಲು ನೋಡಿ

'ಅಪ್‌ಡೇಟ್ ಮಾಡಿದೆ' ಎನ್ನುವ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು, ಕಂಟ್ರೋಲರ್‌ನಲ್ಲಿರುವ ಫೀಲ್ಡ್ ಸಾಫ್ಟ್‌ವೇರ್. ಟ್ರಿಂಬಲ್ ಆಕ್ಸೆಸ್, ಲೈಕಾ ಕ್ಯಾಪ್ಟಿವೇಟ್, ಕಾರ್ಲ್‌ಸನ್ ಸರ್ವ್‌ಸಿಇ ಎಲ್ಲ ಈ ಜಾತಿಗೆ ಸೇರಿದವು. ಎರಡು, ರಿಸೀವರ್ (ಉಪಗ್ರಹಗಳ ಸಿಗ್ನಲ್ ಹಿಡಿಯುವ ಯಂತ್ರ) ಅಥವಾ ಟೋಟಲ್ ಸ್ಟೇಷನ್ ಒಳಗಿನ ಫರ್ಮ್‌ವೇರ್, ಅಂದರೆ ಆ ಯಂತ್ರವನ್ನೇ ನಡೆಸುವ ಸಾಫ್ಟ್‌ವೇರ್. ಮೂರು, ಕಂಟ್ರೋಲರ್‌ನ ಆಂಡ್ರಾಯ್ಡ್ ಅಥವಾ ವಿಂಡೋಸ್. ಮೂರನ್ನೂ ಒಂದೇ ದಿನ ಬದಲಿಸಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದು ಬಹಳ ಕಷ್ಟ.

ಹೊಸ ಆವೃತ್ತಿಯ ಜೊತೆ ಕಂಪನಿ ಒಂದು ಟಿಪ್ಪಣಿ ಕೊಡುತ್ತದೆ. ಏನು ಸೇರಿಸಿದ್ದಾರೆ, ಏನು ಸರಿಪಡಿಸಿದ್ದಾರೆ ಎನ್ನುವ ಪಟ್ಟಿ ಅದರಲ್ಲಿರುತ್ತದೆ. ಹೊಸ ಸೌಲಭ್ಯಗಳಿಗಿಂತ 'ಸರಿಪಡಿಸಿದ ದೋಷಗಳು' ಎನ್ನುವ ಭಾಗವನ್ನು ನಿಧಾನವಾಗಿ ಓದಿ. ನೀವು ದಿನವೂ ಬಳಸುವ ಲೆಕ್ಕದಲ್ಲೇ ದೋಷವಿತ್ತು ಅಂತ ಅಲ್ಲಿ ಬರೆದಿದ್ದರೆ, ಹಳೆಯ ಕೆಲಸವನ್ನೂ ಒಮ್ಮೆ ತೆಗೆದು ನೋಡಬೇಕಾಗುತ್ತದೆ. ಯಾವ ಫರ್ಮ್‌ವೇರ್ ಜೊತೆ ಹೊಂದುತ್ತದೆ ಎನ್ನುವುದೂ ಅದರಲ್ಲೇ ಇರುತ್ತದೆ.

ಹಾಗಾದರೆ ಅಪ್‌ಡೇಟ್ ಬೇಡವೇ ಬೇಡ ಎನ್ನಬಹುದಾ? ಆಗುವುದಿಲ್ಲ. ಜಿಪಿಎಸ್ ಸಿಗ್ನಲ್‌ನಲ್ಲಿ ವಾರಗಳ ಲೆಕ್ಕ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹೀಗಾದಾಗ, ಫರ್ಮ್‌ವೇರ್ ಬದಲಿಸದ ಕೆಲವು ಹಳೆಯ ರಿಸೀವರ್‌ಗಳು ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸಿದವು. ಕರೆಕ್ಷನ್, ಅಂದರೆ ಸ್ಥಾನ ನಿಖರವಾಗಲು ರಿಸೀವರ್‌ಗೆ ಹೊರಗಿನಿಂದ ಬರುವ ತಿದ್ದುಪಡಿ, ಅದರ ವಿಷಯವೂ ಹಾಗೇ. ಅದನ್ನು ತರುವ ಹಳೆಯ 1004, 1012 ನಂಬರಿನ ಸಂದೇಶಗಳಲ್ಲಿ ಜಿಪಿಎಸ್ ಮತ್ತು ಗ್ಲೋನಾಸ್ ಉಪಗ್ರಹಗಳ ಮಾಹಿತಿ ಮಾತ್ರ ಬರುತ್ತದೆ. ಗೆಲಿಲಿಯೊ, ಬೈಡೌ ಕೂಡ ಬೇಕೆಂದರೆ ಎಂಎಸ್‌ಎಂ ಎನ್ನುವ ಹೊಸ ರೀತಿಯ ಸಂದೇಶ ಓದಲು ಬರಬೇಕು. ಅದು ಗೊತ್ತಿಲ್ಲದ ಫರ್ಮ್‌ವೇರ್‌ಗೆ ಆ ಉಪಗ್ರಹಗಳಿಂದ ಏನೂ ಪ್ರಯೋಜನವಿಲ್ಲ. ಇನ್ನು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇವತ್ತಲ್ಲ ನಾಳೆ ಬದಲಿಸಲೇಬೇಕು. ಬದಲಿಸುವ ದಿನವನ್ನು ನಾವೇ ಆರಿಸಿಕೊಳ್ಳೋಣ.

2. ದಿನ ಆರಿಸಿ, ಲೈಸೆನ್ಸ್ ನೋಡಿ

ಒಂದು ಜಾಬ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ದಿನ ಒಳ್ಳೆಯದು. ನಡು ಕೆಲಸದಲ್ಲಿ ಬೇಡ, ಮರುದಿನ ಬೆಳಿಗ್ಗೆ ಸೈಟಿಗೆ ಹೋಗುವುದಿದ್ದರೆ ಖಂಡಿತ ಬೇಡ. ದೊಡ್ಡ ಆವೃತ್ತಿ ಬಂದಾಗ ನಾನು ಎರಡು ಮೂರು ವಾರ ಕಾಯುತ್ತೇನೆ. ಮೊದಲು ಹಾಕಿಕೊಂಡವರು ಕಂಡ ದೋಷಗಳಿಗೆ ಅಷ್ಟರಲ್ಲಿ ಒಂದು ಸಣ್ಣ ತಿದ್ದುಪಡಿ ಬಂದಿರುತ್ತದೆ.

ಆಟೋ ಅಪ್‌ಡೇಟ್ ಅನ್ನು ಈಗಲೇ ಆಫ್ ಮಾಡಿ. ಲೈಸೆನ್ಸ್‌ನ ಮೇಂಟೆನೆನ್ಸ್ (ಹೊಸ ಆವೃತ್ತಿ ಪಡೆಯುವ ಹಕ್ಕು) ಯಾವ ತಾರೀಖಿನವರೆಗೆ ಇದೆ ಅಂತಲೂ ನೋಡಿ. ಹಲವು ಕಂಪನಿಗಳಲ್ಲಿ ಕಾಯಂ ಲೈಸೆನ್ಸ್ ಇದ್ದರೆ ಹಳೆಯ ಆವೃತ್ತಿ ಎಷ್ಟು ದಿನ ಬೇಕಾದರೂ ನಡೆಯುತ್ತದೆ. ಆದರೆ ಮೇಂಟೆನೆನ್ಸ್ ಮುಗಿದ ಮೇಲೆ ಬಂದ ಆವೃತ್ತಿಗೆ ಅದು ಸಾಲುವುದಿಲ್ಲ. ಹಾಕಿದ ಮೇಲೆ ಇದು ಗೊತ್ತಾದರೆ ಆ ದಿನ ಹಾಳು.

3. ಹಳೆಯದನ್ನೆಲ್ಲ ಹೊರಗೆ ತೆಗೆದಿಡಿ

ಜಾಬ್ ಫೈಲ್‌ಗಳನ್ನು ಇದ್ದ ಹಾಗೆಯೇ ಒಂದು ಕಾಪಿ ಮಾಡಿ. ಅದರ ಜೊತೆಗೆ ಬಿಂದುಗಳನ್ನು ಸಿಎಸ್‌ವಿ ರೂಪದಲ್ಲಿ, ರೇಖೆಗಳನ್ನು ಡಿಎಕ್ಸ್‌ಎಫ್ ಅಥವಾ ಲ್ಯಾಂಡ್‌ಎಕ್ಸ್‌ಎಂಎಲ್ ರೂಪದಲ್ಲಿ ತೆಗೆಯಿರಿ. ಎರಡೂ ಯಾಕೆ ಬೇಕು? ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಜಾಬ್ ಅನ್ನು ಹಳೆಯ ಆವೃತ್ತಿಯಲ್ಲಿ ಮತ್ತೆ ತೆರೆಯಲು ಆಗದಿರುವುದು ಸಾಮಾನ್ಯ. ಸಿಎಸ್‌ವಿ ಇದ್ದರೆ ಎಲ್ಲಿ ಬೇಕಾದರೂ ಓದಬಹುದು. ಕಚ್ಚಾ ಅಳತೆ, ಅಂದರೆ ರಾ ಡೇಟಾ, ಇದನ್ನೂ ಮರೆಯಬೇಡಿ. ಕೋಆರ್ಡಿನೇಟ್ ತಪ್ಪಾಗಿದ್ದರೆ ಮತ್ತೆ ಲೆಕ್ಕ ಹಾಕಲು ಅದೊಂದೇ ಆಧಾರ. ಲೋಕಲೈಸೇಷನ್ ಫೈಲ್ (ಜಿಪಿಎಸ್ ಅಂಕಿಯನ್ನು ಸೈಟಿನ ಅಂಕಿಗೆ ಹೊಂದಿಸುವುದು), ಜಿಯಾಯ್ಡ್ ಫೈಲ್ (ಸಮುದ್ರ ಮಟ್ಟದಿಂದ ಎತ್ತರ ತೆಗೆಯಲು ಬೇಕಾದದ್ದು), ಕೋಡ್ ಲಿಸ್ಟ್, ಕರೆಕ್ಷನ್ ಸರ್ವರ್‌ನ ವಿಳಾಸ ಮತ್ತು ಪಾಸ್‌ವರ್ಡ್ ಇವೂ ಬೇಕು.

ಆಂಡ್ರಾಯ್ಡ್ ಕಂಟ್ರೋಲರ್ ಇರುವವರು ಇಲ್ಲಿ ತುಂಬಾ ಜಾಗ್ರತೆ ವಹಿಸಬೇಕು. ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳು ತಮ್ಮ ಫೈಲ್‌ಗಳನ್ನು ಎಲ್ಲಿಡಬೇಕು ಎನ್ನುವ ನಿಯಮ ಬಿಗಿಯಾಗಿದೆ. ಹಲವು ಆ್ಯಪ್‌ಗಳು ಜಾಬ್‌ಗಳನ್ನು ತಮ್ಮದೇ ಖಾಸಗಿ ಫೋಲ್ಡರ್‌ನಲ್ಲಿ ಇಡುತ್ತವೆ. ಅಪ್‌ಡೇಟ್ ಆಗುತ್ತಿಲ್ಲ ಅಂತ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಆ ಫೋಲ್ಡರ್ ಕೂಡ ಅಳಿಸಿಹೋಗುತ್ತದೆ. ಮೊದಲು ಕಾಪಿ ಕಂಪ್ಯೂಟರ್‌ಗೆ ಬರಲಿ. ಅಲ್ಲಿ ಅದನ್ನು ತೆರೆದು, ಬಿಂದುಗಳ ಸಂಖ್ಯೆ ಸರಿಯಿದೆಯಾ ಎಣಿಸಿ. ಆಮೇಲೆ ಮುಟ್ಟಿ.

ಇನ್ನೊಂದು ಕೆಲಸ ಇದೆ. ನನಗೆ ಇದರಷ್ಟು ನೆರವಾದದ್ದು ಬೇರೆ ಯಾವುದೂ ಇಲ್ಲ. ಪ್ರತಿ ಸೆಟ್ಟಿಂಗ್ ಪುಟವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಅಳತೆಯ ಯೂನಿಟ್, ಕೋಆರ್ಡಿನೇಟ್ ಸಿಸ್ಟಮ್, ಸ್ಕೇಲ್ ಫ್ಯಾಕ್ಟರ್, ಪ್ರಿಸಂ, ಆಂಟೆನಾ, ತಾಪಮಾನ ಮತ್ತು ಒತ್ತಡ, ಅಳತೆಯನ್ನು ಎಷ್ಟು ವ್ಯತ್ಯಾಸದವರೆಗೆ ಒಪ್ಪಬೇಕು ಎನ್ನುವ ಮಿತಿ, ಎಲ್ಲವೂ ಇರಲಿ. ಇಪ್ಪತ್ತು ಫೋಟೊ ಆಗಬಹುದು, ಆಗಲಿ ಬಿಡಿ.

4. ಹಳೆಯ ಆವೃತ್ತಿಯಲ್ಲೇ ಒಮ್ಮೆ ಅಳೆಯಿರಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಡುತ್ತಾರೆ. ಹೋಲಿಸಲು ಹಳೆಯ ಅಂಕಿ ಇಲ್ಲದಿದ್ದರೆ ಹೊಸ ಅಂಕಿ ಸರಿಯೋ ತಪ್ಪೋ ಹೇಗೆ ಹೇಳುವುದು? ನಿಮಗೆ ಸುಲಭವಾಗಿ ಹೋಗಿಬರಲು ಆಗುವ ಕಡೆ ಮೂರು ಕಂಟ್ರೋಲ್ ಪಾಯಿಂಟ್ ಇರಲಿ. ಮೂರರ ಕೋಆರ್ಡಿನೇಟ್ ಮತ್ತು ಎತ್ತರ ನಂಬಿಕೆಗೆ ತಕ್ಕಂತೆ ಗೊತ್ತಿರಬೇಕು. ಎರಡರ ನಡುವೆ 100 ಮೀಟರ್‌ಗಿಂತ ಜಾಸ್ತಿ ದೂರ ಇದ್ದರೆ ಇನ್ನೂ ಒಳ್ಳೆಯದು. ರೋವರ್‌ನಿಂದ (ಕಂಬದ ಮೇಲೆ ಹೊತ್ತೊಯ್ಯುವ ರಿಸೀವರ್) ಮೂರನ್ನೂ ಅಳೆಯಿರಿ. ಟೋಟಲ್ ಸ್ಟೇಷನ್ ಇದ್ದರೆ ಒಂದರ ಮೇಲೆ ನಿಲ್ಲಿಸಿ ಉಳಿದೆರಡನ್ನು ಅಳೆಯಿರಿ. ಅಂಕಿಗಳನ್ನು ಫೀಲ್ಡ್ ಬುಕ್‌ನಲ್ಲಿ ಪೆನ್ನಿನಿಂದ ಬರೆದುಕೊಳ್ಳಿ.

5. ಈಗ ಹಾಕಿ

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಚಾರ್ಜರ್ ಸಿಕ್ಕಿಸಿಯೇ ಇರಲಿ. ಫರ್ಮ್‌ವೇರ್ ಹಾಕುವಾಗ ನಡುವೆ ಕರೆಂಟ್ ಹೋದರೆ ರಿಸೀವರ್ ಮತ್ತೆ ಆನ್ ಆಗದಿರಬಹುದು. ಬ್ಲೂಟೂತ್‌ಗಿಂತ ಕೇಬಲ್ ವಾಸಿ. ಹಳೆಯ ಆವೃತ್ತಿಯ ಇನ್‌ಸ್ಟಾಲ್ ಫೈಲ್ ಅನ್ನು ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳಿ. ಸಾಫ್ಟ್‌ವೇರ್ ಆದರೆ ಹಿಂದಕ್ಕೆ ಹೋಗಬಹುದು. ಫರ್ಮ್‌ವೇರ್ ಎಲ್ಲ ಯಂತ್ರಗಳಲ್ಲೂ ಹಿಂದಕ್ಕೆ ಬರುವುದಿಲ್ಲ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಮುಗಿದ ಮೇಲೆ ನಡೆಯುತ್ತಿರುವ ಜಾಬ್ ತೆರೆಯಬೇಡಿ. 'ಪರೀಕ್ಷೆ' ಅಂತ ಹೊಸ ಜಾಬ್ ಮಾಡಿ. ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ಹೋಲಿಸಿ.

6. ಮತ್ತೆ ಅದೇ ಮೂರು ಬಿಂದು

ಅದೇ ಕಂಬ, ಅದೇ ಪ್ರಿಸಂ, ಅದೇ ಆಂಟೆನಾ ಎತ್ತರ ಇಟ್ಟುಕೊಂಡು ಮತ್ತೆ ಅಳೆಯಿರಿ. ಹಳೆಯದು, ಹೊಸದು ಪಕ್ಕಪಕ್ಕ ಬರೆದು ಕಳೆಯಿರಿ. ಬಂದ ವ್ಯತ್ಯಾಸವೇ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತದೆ.

ಆರ್‌ಟಿಕೆಯಲ್ಲಿ, ಅಂದರೆ ಬೇಸ್ (ಗೊತ್ತಿರುವ ಬಿಂದುವಿನ ಮೇಲೆ ನಿಲ್ಲಿಸಿದ ರಿಸೀವರ್) ಕಳಿಸುವ ಕರೆಕ್ಷನ್ ಬಳಸಿ ರೋವರ್ ಸ್ಥಳದಲ್ಲೇ ಅಳೆಯುವ ವಿಧಾನದಲ್ಲಿ, ಸಾಮಾನ್ಯವಾಗಿ ಸಿಗುವ ನಿಖರತೆ ಅಡ್ಡಕ್ಕೆ 8 ಮಿ.ಮೀ. ಮತ್ತು ಬೇಸ್‌ನಿಂದ ಇರುವ ಪ್ರತಿ ಕಿಲೋಮೀಟರ್‌ಗೆ ಇನ್ನೊಂದು ಮಿ.ಮೀ. ಎತ್ತರಕ್ಕೆ 15 ಮಿ.ಮೀ., ಅದರ ಮೇಲೂ ಅದೇ ಲೆಕ್ಕ. ಹಾಗಾಗಿ ಒಂದೆರಡು ಸೆಂ.ಮೀ. ಆಚೀಚೆ ಬಂದರೆ, ಅದೂ ಮೂರು ಬಿಂದುಗಳಲ್ಲಿ ಮೂರು ದಿಕ್ಕಿಗೆ ಬಂದರೆ, ಅಪ್‌ಡೇಟ್ ಮೇಲೆ ಅನುಮಾನ ಬೇಡ. ಮೂರರಲ್ಲೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಆಗ ಹುಡುಕಬೇಕು.

ಎತ್ತರ ಹತ್ತಾರು ಮೀಟರ್ ಬದಲಾಗಿದ್ದರೆ ಜಿಯಾಯ್ಡ್ ಫೈಲ್ ಕಳೆದುಹೋಗಿದೆ. ರಿಸೀವರ್ ಲೆಕ್ಕ ಹಾಕುವುದು ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಗಣಿತದಲ್ಲಿ ಇಟ್ಟುಕೊಂಡ ನುಣುಪು ಮೇಲ್ಮೈ) ಮೇಲಿನ ಎತ್ತರ. ಎಲಿಪ್ಸಾಯ್ಡ್‌ಗೂ ಸಮುದ್ರ ಮಟ್ಟಕ್ಕೆ ಹೊಂದುವ ಜಿಯಾಯ್ಡ್‌ಗೂ ನಡುವಿನ ಅಂತರ ಭೂಮಿಯ ಬೇರೆ ಬೇರೆ ಕಡೆ ಸುಮಾರು −106 ಮೀಟರ್‌ನಿಂದ +85 ಮೀಟರ್‌ವರೆಗೆ ಇದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಹಳೆಯ ಜಿಯಾಯ್ಡ್ ಮಾದರಿ ಇಜಿಎಂ96 ಹೋಗಿ ಇಜಿಎಂ2008 ಬಂದು ಕೂತರೆ ವ್ಯತ್ಯಾಸ ಸಣ್ಣದು, ಕಣ್ಣು ತಪ್ಪಿಸುವುದು ಅದೇ.

ಎಲ್ಲ ಎತ್ತರವೂ ಕೆಲವೇ ಸೆಂ.ಮೀ. ಒಂದೇ ಸಮನೆ ಸರಿದಿದೆಯಾ? ಆಂಟೆನಾ ಪುಟ ತೆರೆಯಿರಿ. ಆಂಟೆನಾದ ತಳಕ್ಕೆ ಅಳೆಯುತ್ತೀರಾ, ಫೇಸ್ ಸೆಂಟರ್‌ಗಾ (ಆಂಟೆನಾ ಸಿಗ್ನಲ್ ಹಿಡಿಯುವ ಬಿಂದು), ನೆಟ್ಟಗೆ ಅಳೆಯುತ್ತೀರಾ, ಓರೆಯಾಗಾ ಎನ್ನುವ ಆಯ್ಕೆ ಬದಲಾಗಿರುತ್ತದೆ. ಆಂಟೆನಾದ ಮಾದರಿಯೇ ಬೇರೆ ಆಗಿರಬಹುದು.

ಟೋಟಲ್ ಸ್ಟೇಷನ್‌ನಲ್ಲಿ ಹತ್ತಿರ, ದೂರ ಎನ್ನದೆ ಎಲ್ಲ ದೂರಗಳೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಪ್ರಿಸಂ ಕಾನ್‌ಸ್ಟಂಟ್. ಇಲ್ಲಿ ಒಂದು ವಿಷಯ ಹೇಳಲೇಬೇಕು. ಲೈಕಾದ ದುಂಡು ಪ್ರಿಸಂಗೆ ಲೈಕಾ ಯಂತ್ರದಲ್ಲಿ 0 ಎನ್ನುತ್ತಾರೆ. ಅದೇ ಪ್ರಿಸಂ ಬೇರೆ ಕಂಪನಿಗಳ ಲೆಕ್ಕದಲ್ಲಿ −34.4 ಮಿ.ಮೀ. ಒಂದು ಕಂಪನಿಯ ಯಂತ್ರ, ಇನ್ನೊಂದರ ಸಾಫ್ಟ್‌ವೇರ್ ಬಳಸುವವರು ಪ್ರತಿ ಅಪ್‌ಡೇಟ್ ಆದಮೇಲೂ ಇದನ್ನು ನೋಡಲೇಬೇಕು.

ದೂರ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದ್ದರೆ ಸ್ಕೇಲ್ ಅಥವಾ ಪಿಪಿಎಂ (ಗಾಳಿಯ ತಾಪಮಾನ, ಒತ್ತಡಕ್ಕಾಗಿ ದೂರದಲ್ಲಿ ಮಾಡುವ ತಿದ್ದುಪಡಿ). ಭೂಮಿಯನ್ನು ವಲಯಗಳಾಗಿ ಹಂಚುವ ಯುಟಿಎಂ ನಕ್ಷೆ ಪದ್ಧತಿಯಲ್ಲಿ, ವಲಯದ ನಡು ರೇಖೆಯ ಮೇಲೆ ಸ್ಕೇಲ್ ಫ್ಯಾಕ್ಟರ್ 0.9996. ಅಂದರೆ ನೆಲದ ಅಳತೆಗೂ ಗ್ರಿಡ್ (ನಕ್ಷೆಯ) ಅಳತೆಗೂ 1 ಕಿ.ಮೀ.ಗೆ 40 ಸೆಂ.ಮೀ. ಫರಕು. 'ಗ್ರೌಂಡ್' ಇದ್ದದ್ದು 'ಗ್ರಿಡ್' ಆದರೆ ಇಷ್ಟು ಆಗುತ್ತದೆ. ತಾಪಮಾನ 10 ಡಿಗ್ರಿ ತಪ್ಪಿದ್ದರೆ 1 ಕಿ.ಮೀ.ಗೆ ಸುಮಾರು 1 ಸೆಂ.ಮೀ. ಮಾತ್ರ. ದೂರದ ಬಿಂದುವಿನ ಎತ್ತರ ಮಾತ್ರ ತಪ್ಪುತ್ತಿದ್ದರೆ ಭೂಮಿಯ ಬಾಗು ಮತ್ತು ಬೆಳಕಿನ ಬಾಗಿನ ತಿದ್ದುಪಡಿ ಆಫ್ ಆಗಿದೆ. ಅದು 1 ಕಿ.ಮೀ.ಗೆ ಸುಮಾರು 6.7 ಸೆಂ.ಮೀ. ಬರುತ್ತದೆ, 100 ಮೀಟರ್‌ಗೆ 1 ಮಿ.ಮೀ. ಕೂಡ ಬರುವುದಿಲ್ಲ. ಹತ್ತಿರದ ಬಿಂದುವಿನಲ್ಲಿ ಪರೀಕ್ಷೆ ಮಾಡಿದರೆ ಇದು ಸಿಗುವುದೇ ಇಲ್ಲ.

ಕೋಆರ್ಡಿನೇಟ್‌ಗಳೆಲ್ಲ ಮೀಟರ್‌ಗಟ್ಟಲೆ ಒಂದೇ ಕಡೆ ಸರಿದಿದ್ದರೆ ಡೇಟಮ್, ಅಂದರೆ ಕೋಆರ್ಡಿನೇಟ್‌ಗಳ ಮೂಲ ಆಧಾರ, ಬದಲಾಗಿದೆ. ಆಸ್ಟ್ರೇಲಿಯಾದಲ್ಲಿ ಜಿಡಿಎ94 ಬಿಟ್ಟು ಜಿಡಿಎ2020ಕ್ಕೆ ಹೋದಾಗ ಅಂಕಿಗಳು ಸುಮಾರು 1.8 ಮೀಟರ್ ಸರಿದವು. ಹೊಸ ಆವೃತ್ತಿಯ ಪಟ್ಟಿಯಲ್ಲಿ ಹೊಸ ಡೇಟಮ್ ಮೊದಲು ಬಂದಿದ್ದರೆ ನೋಡದೆ ಒತ್ತುವುದು ಸುಲಭ. ಅಡಿಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಬಲೆ ಇದೆ. ಅಂತಾರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್. ಅಮೆರಿಕದ ಸರ್ವೆ ಅಡಿ 1200/3937 ಮೀಟರ್. ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ ವ್ಯತ್ಯಾಸ, ಆದರೆ ಕೋಆರ್ಡಿನೇಟ್ 5,00,000 ಅಡಿ ಇದ್ದರೆ ಅಲ್ಲಿ 1 ಅಡಿ ತಪ್ಪುತ್ತದೆ. ಅಮೆರಿಕ 2022ರ ಕೊನೆಗೆ ಸರ್ವೆ ಅಡಿಯನ್ನು ಕೈಬಿಟ್ಟಿದೆ, ಆದರೆ ಹಳೆಯ ನಕ್ಷೆಗಳಲ್ಲಿ ಅದು ಇದ್ದೇ ಇದೆ.

ಕೋನ ಟೈಪ್ ಮಾಡಿಯೂ ನೋಡಿ. 45.3030 ಎಂದು ಕೊಟ್ಟರೆ 45 ಡಿಗ್ರಿ 30 ನಿಮಿಷ 30 ಸೆಕೆಂಡ್ ಎಂದು ಓದಿಕೊಳ್ಳುತ್ತದಾ, ದಶಮಾಂಶ ಡಿಗ್ರಿ ಎಂದಾ? ಎರಡನೆಯದಾದರೆ ಅದು 45 ಡಿಗ್ರಿ 18 ನಿಮಿಷದ ಹತ್ತಿರ. ಸಿಎಸ್‌ವಿ ಒಳಗೆ ತರುವಾಗ ನಾರ್ದಿಂಗ್ (ಉತ್ತರದ ಅಂಕಿ) ಮೊದಲೋ ಈಸ್ಟಿಂಗ್ (ಪೂರ್ವದ ಅಂಕಿ) ಮೊದಲೋ ಎನ್ನುವುದನ್ನೂ ಒಂದು ಬಿಂದು ತಂದು ಪರೀಕ್ಷಿಸಿ.

7. ಕೈಗೆ ಹೊಸ ಅಭ್ಯಾಸ

ಹೊಸ ಆವೃತ್ತಿ ಬಂದಾಗ ನಾನು ಜಾಸ್ತಿ ಕೇಳುವ ದೂರು ಗುಂಡಿಗಳ ಬಗ್ಗೆ. 'ಅಳೆ' ಇದ್ದ ಜಾಗದಲ್ಲಿ ಈಗ 'ಉಳಿಸು' ಇದೆ, ಎರಡು ಒತ್ತಿನ ಕೆಲಸ ನಾಲ್ಕು ಒತ್ತಾಯಿತು, ಬಿಸಿಲಿನಲ್ಲಿ ಹೊಸ ಬಣ್ಣ ಕಾಣುವುದಿಲ್ಲ. ಇದನ್ನು ಸಣ್ಣ ವಿಷಯ ಎಂದು ತಳ್ಳಬೇಡಿ. ವರ್ಷಗಟ್ಟಲೆ ಒಂದೇ ಸಾಫ್ಟ್‌ವೇರ್ ಬಳಸಿದವರ ಬೆರಳು ನೋಡದೆಯೇ ಓಡುತ್ತದೆ. ಗುಂಡಿ ಸರಿದರೆ ಬೆರಳು ತಪ್ಪು ಮಾಡುತ್ತದೆ. ಸೈಟಿಗೆ ಹೋಗುವ ಮೊದಲು ಅರ್ಧ ದಿನ ಇದಕ್ಕೇ ಕೊಡಿ. ಸ್ಟೇಷನ್ ಸೆಟಪ್, ಸ್ಟೇಕ್‌ಔಟ್ (ನಕ್ಷೆಯ ಬಿಂದುವನ್ನು ನೆಲದಲ್ಲಿ ಗುರುತಿಸುವುದು), ಎಕ್ಸ್‌ಪೋರ್ಟ್, ದಿನದ ಎಲ್ಲ ಕೆಲಸವನ್ನೂ ಪರೀಕ್ಷಾ ಜಾಬ್‌ನಲ್ಲಿ ಮಾಡಿ ನೋಡಿ. ಶಾರ್ಟ್‌ಕಟ್ ಗುಂಡಿಗಳನ್ನು ಹಳೆಯ ಜಾಗಕ್ಕೆ ತರಲು ಹಲವು ಸಾಫ್ಟ್‌ವೇರ್‌ಗಳಲ್ಲಿ ಅವಕಾಶ ಇರುತ್ತದೆ.

ತಂಡದಲ್ಲಿ ಎರಡು ಕಂಟ್ರೋಲರ್ ಇದ್ದರೆ ಮೊದಲು ಒಂದಕ್ಕೆ ಮಾತ್ರ ಹಾಕಿ. ಒಂದು ವಾರ ನಡೆದ ಮೇಲೆ ಇನ್ನೊಂದು. ಆ ವಾರದಲ್ಲಿ ಒಂದರ ಜಾಬ್ ಅನ್ನು ಇನ್ನೊಂದಕ್ಕೆ ಹಾಕಬೇಡಿ, ಸಿಎಸ್‌ವಿ ಮೂಲಕ ಮಾತ್ರ ಕೊಡಿ. ಆಫೀಸಿನ ಕಂಪ್ಯೂಟರ್‌ನಲ್ಲಿರುವ ಸಾಫ್ಟ್‌ವೇರ್ ಹೊಸ ಫೈಲ್ ಓದುತ್ತದಾ ಎಂದೂ ನೋಡಿ.

8. ಬರೆದಿಡಿ

ಯಾವ ತಾರೀಖು, ಯಾವ ಆವೃತ್ತಿಯಿಂದ ಯಾವುದಕ್ಕೆ, ಮೂರು ಬಿಂದುಗಳ ಹಳೆಯ ಮತ್ತು ಹೊಸ ಅಂಕಿ, ಇಷ್ಟನ್ನು ಫೀಲ್ಡ್ ಬುಕ್‌ನಲ್ಲಿ ಬರೆಯಿರಿ. ಮುಂದೆ ಯಾರಾದರೂ ಒಂದು ಗಡಿ ಕಲ್ಲಿನ ಬಗ್ಗೆ ಕೇಳಿದರೆ, ಅದನ್ನು ಯಾವ ಆವೃತ್ತಿಯಲ್ಲಿ ಅಳೆದದ್ದು ಅಂತ ಹೇಳಲು ಬರಬೇಕು.

ದೋಷ ಕಂಡರೆ ಕಂಪನಿಗೆ ಬರೆಯಿರಿ. 'ಕೆಲಸ ಮಾಡುತ್ತಿಲ್ಲ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಆವೃತ್ತಿಯ ನಂಬರ್, ಯಂತ್ರದ ಮಾದರಿ, ನೀವು ಒತ್ತಿದ ಗುಂಡಿಗಳ ಕ್ರಮ, ಬರಬೇಕಾಗಿದ್ದ ಅಂಕಿ, ಬಂದ ಅಂಕಿ, ಜೊತೆಗೆ ಆ ಪರೀಕ್ಷಾ ಜಾಬ್ ಫೈಲ್, ಇಷ್ಟು ಕಳಿಸಿ. ಉತ್ತರ ಬರುವವರೆಗೆ ಹಳೆಯ ಆವೃತ್ತಿಯಲ್ಲೇ ಕೆಲಸ ಮಾಡಿ.