ಕಾಂಪೌಂಡ್ ಎಂಬ ಒಂದೇ ಪದವನ್ನು ಒಂದು ವರ್ಷ ಕಲಿಸಿದೆ

ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ. ಸುತ್ತ ಮೆಕ್ಕೆಜೋಳದ ಹೊಲ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ನಾಲ್ಕು ವರ್ಷದ ಹಿಂದೆ ನಮ್ಮ ಶಾಲೆಗೆ ಕಾಂಪೌಂಡ್ ಕಟ್ಟುತ್ತಿದ್ದರು. ಕಿಟಕಿಯಾಚೆ ಗೌಂಡಿ ಕರಣೆ ಆಡಿಸುವ ಸದ್ದು, ಒಳಗೆ ನನ್ನ ಪಾಠ.

ಅವತ್ತು ಓದುತ್ತಿದ್ದ ಗದ್ಯದಲ್ಲಿ ಕಾಂಪೌಂಡರ್ ಎಂಬ ಪದ ಬಂತು. ಮೂರನೇ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ಕಾಂಪೌಂಡರ್ ಅಂದ್ರೆ ನಮ್ಮಪ್ಪ ಅಲ್ವಾ?" ಅವನ ಅಪ್ಪನೇ ಹೊರಗೆ ಗೋಡೆ ಕಟ್ಟುತ್ತಿದ್ದರು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಹಿಂದಿನ ವಾರವಷ್ಟೇ ನಾನೇ ಕಲಿಸಿದ್ದೆ: ಟೀಚ್ ಮಾಡುವವರು ಟೀಚರ್, ಡ್ರೈವ್ ಮಾಡುವವರು ಡ್ರೈವರ್. ಆ ಲೆಕ್ಕದಲ್ಲಿ ಕಾಂಪೌಂಡ್ ಕಟ್ಟುವವರು ಕಾಂಪೌಂಡರ್. ಹುಡುಗನ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. "ಇಲ್ಲಪ್ಪ, ಡಾಕ್ಟರ್ ಹತ್ರ ಔಷಧಿ ಕೊಡೋರು" ಅಂದೆ. "ಹಂಗಾದ್ರೆ ಗೋಡೆಗೂ ಔಷಧಿ ಕೊಡೋರಿಗೂ ಒಂದೇ ಹೆಸರು ಯಾಕೆ ಮಿಸ್?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಹೇಳ್ತೀನಿ" ಅಂತ ಹೇಳಿ ಮನೆಗೆ ಬಂದೆ.

ರಾತ್ರಿ ನಿಘಂಟು ತೆಗೆದು ನೋಡಿದರೆ ಅಲ್ಲಿ ಕಾಂಪೌಂಡ್ ಎರಡು ಕಡೆ ಇತ್ತು. ಬರೆಯುವುದು ಒಂದೇ ಥರ, ಹುಟ್ಟಿದ್ದು ಬೇರೆ ಬೇರೆ ಮನೆಯಲ್ಲಿ. ಒಂದು ಲ್ಯಾಟಿನ್ ಕಡೆಯದು. ಅದರೊಳಗೆ ಎರಡು ತುಂಡುಗಳಿವೆ, ಒಂದಕ್ಕೆ ಒಟ್ಟಿಗೆ ಎಂಬ ಅರ್ಥ, ಇನ್ನೊಂದಕ್ಕೆ ಇಡು ಎಂಬ ಅರ್ಥ. ಒಟ್ಟಿಗೆ ಇಡುವುದು, ಕೂಡಿಸುವುದು. ಕಾಂಪೌಂಡರ್ ಬಂದದ್ದು ಇಲ್ಲಿಂದ. ಇನ್ನೊಂದು ಮಲಯ ಭಾಷೆಯ ಕಂಪೊಂಗ್ ಎಂಬ ಪದದಿಂದ ಬಂದದ್ದು. ಹಳ್ಳಿ, ಬೇಲಿ ಹಾಕಿದ ಜಾಗ ಎಂದು ಅದರ ಅರ್ಥ. ಮಲೇಷ್ಯಾದಲ್ಲಿ ಈಗಲೂ ಹಳ್ಳಿಗೆ ಕಂಪೊಂಗ್ ಎಂದೇ ಹೇಳುತ್ತಾರೆ. ವ್ಯಾಪಾರಕ್ಕೆ ಪೂರ್ವದ ಕಡೆ ಬಂದ ಯುರೋಪಿನವರು ಆ ಪದವನ್ನು ಎತ್ತಿಕೊಂಡರು. ಇಂಗ್ಲಿಷರ ಬಾಯಲ್ಲಿ ಅದು ತಮಗೆ ಮೊದಲೇ ಗೊತ್ತಿದ್ದ ಕಾಂಪೌಂಡ್‌ನ ರೂಪಕ್ಕೇ ತಿರುಗಿತು.

ಇದರಲ್ಲಿ ನಮ್ಮ ಮಕ್ಕಳಿಗೆ ಬೇಕಾದ ಇನ್ನೊಂದು ಸಂಗತಿಯೂ ಇದೆ. ಇಂಗ್ಲಿಷಿನಲ್ಲಿ ಕಾಂಪೌಂಡ್ ಅಂದರೆ ಗೋಡೆಯ ಒಳಗಿನ ಜಾಗ. ಗೋಡೆಗೆ ಕಾಂಪೌಂಡ್ ವಾಲ್ ಅನ್ನಬೇಕು. ಕನ್ನಡದಲ್ಲಿ ಅದು ಗೋಡೆಗೇ ಅಂಟಿಕೊಂಡಿದೆ. "ಕಾಂಪೌಂಡ್ ಹಾರಿದ" ಅಂದರೆ ನಮಗೆಲ್ಲ ಗೋಡೆ ಹಾರಿದ ಎಂದೇ ತಿಳಿಯುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನೇ ಇಂಗ್ಲಿಷಿನಲ್ಲಿ "ಹಿ ಜಂಪ್ಡ್ ದ ಕಾಂಪೌಂಡ್" ಎಂದು ಬರೆದರೆ ಓದುವವರಿಗೆ ಗೊಂದಲ. ಎಷ್ಟೋ ವರ್ಷ ಈ ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಯಾಕೆ ತಪ್ಪು ಅಂತ ಹೇಳಿಕೊಟ್ಟದ್ದು ಮಾತ್ರ ಅದೇ ಮೊದಲು.

ಮರುದಿನ ತರಗತಿಗೆ ಒಂದು ಚಾರ್ಟ್ ತಂದೆ. ಕಾಂಪೌಂಡ್‌ಗೆ ಒಂಬತ್ತು ಅರ್ಥ, ಒಂದರ ಕೆಳಗೊಂದು. ಮಕ್ಕಳು ಬಾಯಿಪಾಠ ಮಾಡಿದರು. ಹದಿನೈದು ದಿನ ಬಿಟ್ಟು ಕೇಳಿದರೆ ಗೋಡೆ ಬಿಟ್ಟು ಮಿಕ್ಕಿದ್ದೆಲ್ಲ ಮರೆತಿದ್ದರು. ಚಾರ್ಟ್ ಸುತ್ತಿ ಬೀರುವಿನ ಮೇಲೆ ಇಟ್ಟೆ. ಆಮೇಲೆ ಆ ಪದ ಪಾಠದಲ್ಲೋ ಮನೆಯಲ್ಲೋ ಸಿಕ್ಕಾಗ ಮಾತ್ರ ಹಿಡಿದುಕೊಳ್ಳೋಣ, ಆದರೆ ಸಿಕ್ಕ ದಿನ ಕೈಯಲ್ಲಿ ಹಿಡಿದೇ ನೋಡೋಣ ಎಂದು ತೀರ್ಮಾನ ಮಾಡಿದೆ. ಕೇಳುವ ಪ್ರಶ್ನೆ ಎರಡೇ: ಇಲ್ಲಿ ಯಾವುದು ಯಾವುದರ ಜೊತೆ ಸೇರಿದೆ? ಕನ್ನಡದಲ್ಲಿ ಇದಕ್ಕೆ ನಾವು ಏನಂತೀವಿ?

ಮೊದಲು ಕಾಂಪೌಂಡರ್. ಇದನ್ನು ನನ್ನ ನೆನಪಿನಿಂದಲೇ ಹೇಳಿದೆ. ನಾನು ಚಿಕ್ಕವಳಿದ್ದಾಗ ದಾವಣಗೆರೆಯ ಹಳೇಪೇಟೆ ಕಡೆಯ ಒಂದು ದವಾಖಾನೆಗೆ ಅಜ್ಜಿ ಕರೆದುಕೊಂಡು ಹೋಗುತ್ತಿದ್ದಳು. ಬಾಟಲಿ ನಾವೇ ತೊಳೆದು ಒಯ್ಯಬೇಕು. ಡಾಕ್ಟರ್ ಚೀಟಿ ಬರೆದರೆ ಪಕ್ಕದ ಕಿಂಡಿಯಲ್ಲಿ ಕಾಂಪೌಂಡರ್ ಎರಡು ಮೂರು ದೊಡ್ಡ ಸೀಸೆಗಳಿಂದ ಅಳೆದು ಸುರಿದು, ನೀರು ಹಾಕಿ, ಬಾಟಲಿ ಕುಲುಕಿ ಕೊಡುತ್ತಿದ್ದರು. ನಸುಗೆಂಪು ಔಷಧಿ. ಆಮೇಲೆ ಒಂದು ಉದ್ದನೆ ಕಾಗದದ ಪಟ್ಟಿ ಮಡಚಿ, ಅಂಚಿಗೆ ಕತ್ತರಿ ಹಾಕಿ ಬಿಚ್ಚಿದರೆ ಸಾಲಾಗಿ ಹಲ್ಲು ಹಲ್ಲು. ಅದನ್ನು ಗೋಂದು ಹಚ್ಚಿ ಬಾಟಲಿಗೆ ಅಂಟಿಸುವರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಅದನ್ನು ಮಕ್ಕಳ ಎದುರಿಗೇ ಕಾಗದ ಕತ್ತರಿಸಿ ತೋರಿಸಿದೆ. ಔಷಧಿಗಳನ್ನು ಕೂಡಿಸುವವರು ಕಾಂಪೌಂಡರ್. ಈಗ ಔಷಧಿ ಕಂಪನಿಯಿಂದಲೇ ಸೀಲ್ ಆಗಿ ಬರುತ್ತದೆ, ಕೂಡಿಸುವ ಕೆಲಸ ಹೋಗಿದೆ. ಹೆಸರು ಮಾತ್ರ ಹಳ್ಳಿಗಳಲ್ಲಿ ಉಳಿದಿದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಬೇವಿನ ಕಡ್ಡಿ. ವಿಜ್ಞಾನದ ಪುಸ್ತಕದಲ್ಲಿ ಸರಳ ಎಲೆ, ಸಂಯುಕ್ತ ಎಲೆ ಎಂದಿರುತ್ತದೆ. ಇಂಗ್ಲಿಷಿನಲ್ಲಿ ಸಿಂಪಲ್ ಲೀಫ್, ಕಾಂಪೌಂಡ್ ಲೀಫ್. ಶಾಲೆ ಅಂಗಳದ ಬೇವಿನ ಗಿಡದ ಕೆಳಗೆ ಎಲ್ಲರನ್ನೂ ಕರೆದುಕೊಂಡು ಹೋಗಿ "ಒಂದು ಎಲೆ ಕಿತ್ತು ಕೊಡಿ" ಅಂದೆ. ಎಲ್ಲರೂ ಗರಗಸದ ಅಂಚಿನ ಒಂದೊಂದು ಸಣ್ಣ ಎಲೆ ಕಿತ್ತು ಕೊಟ್ಟರು. ಒಬ್ಬಳು ಮಾತ್ರ ಸುಮ್ನೆ ನಿಂತಿದ್ದಳು. ಅವಳಿಗೆ ಟೊಂಗೆ ಬಗ್ಗಿಸಿ ಹಿಡಿದು, "ಆ ಸಣ್ಣ ಎಲೆ ಕಡ್ಡಿಗೆ ಸೇರೋ ಸಂದಿನಲ್ಲಿ ಮೊಗ್ಗು ಇದೆಯಾ ನೋಡು" ಅಂದೆ. ಇಲ್ಲ. "ಈಗ ಇಡೀ ಕಡ್ಡಿ ಟೊಂಗೆಗೆ ಸೇರೋ ಕಡೆ ನೋಡು." ಅವಳು ಉಗುರಿನಿಂದ ತಡವಿ ನೋಡಿದಳು. ಸಾಸಿವೆ ಕಾಳಿಗಿಂತ ಸಣ್ಣ ಮೊಗ್ಗು ಅಲ್ಲಿತ್ತು. ಎಲೆ ಎಲ್ಲಿ ಟೊಂಗೆಗೆ ಸೇರುತ್ತದೋ ಅದರ ಸಂದಿನಲ್ಲಿ ಮೊಗ್ಗು ಇರುತ್ತದೆ. ಹಾಗಾದರೆ ಬೇವಿನಲ್ಲಿ ಆ ಇಡೀ ಕಡ್ಡಿಯೇ ಒಂದು ಎಲೆ! ನಾವು ಎಲೆ ಅಂತ ಕೀಳುತ್ತಿದ್ದದ್ದು ಅದರ ಒಂದು ಪಾಲು. ಯುಗಾದಿಗೆ ವರ್ಷಾ ವರ್ಷಾ ಬೇವು ಕಿತ್ತ ಕೈಗಳು ಅವು. ಆವತ್ತು ಹುಣಸೆ, ಹೊಂಗೆ, ನುಗ್ಗೆ ಎಲ್ಲದರ ಸಂದು ತಡಕಿ ಬಂದರು. ಅರಳಿ ಎಲೆ ಸಿಂಪಲ್ ಎಂದು ತಾವೇ ಕಂಡುಹಿಡಿದರು.

ಸಿಂಪಲ್ ಎಂಬ ಜೋಡಿ ಪದ ನನ್ನ ಕಣ್ಣಿಗೆ ಬಿದ್ದದ್ದು ಆ ಗಿಡದ ಕೆಳಗೆ. ಸಿಂಪಲ್ ಲೀಫ್, ಕಾಂಪೌಂಡ್ ಲೀಫ್. ಸಿಂಪಲ್ ಸೆಂಟೆನ್ಸ್, ಕಾಂಪೌಂಡ್ ಸೆಂಟೆನ್ಸ್. ಸಿಂಪಲ್ ಇಂಟರೆಸ್ಟ್, ಕಾಂಪೌಂಡ್ ಇಂಟರೆಸ್ಟ್. ಸಿಂಪಲ್ ಫ್ರ್ಯಾಕ್ಚರ್, ಕಾಂಪೌಂಡ್ ಫ್ರ್ಯಾಕ್ಚರ್. ಸಿಂಪಲ್ ಅಂದರೆ ಸುಲಭ ಎಂದೇ ಮಕ್ಕಳು ತಿಳಿದಿರುತ್ತಾರೆ. ಇಲ್ಲಿ ಅದಕ್ಕೆ ಒಂಟಿ ಎನ್ನುವುದೇ ಸರಿಯಾದ ಕನ್ನಡ. ಒಂಟಿ ಎಲೆ, ಒಂಟಿ ವಾಕ್ಯ, ಬರೀ ಅಸಲಿನ ಮೇಲಿನ ಬಡ್ಡಿ. ಕೂಡಿದ್ದು ಕಾಂಪೌಂಡ್.

ಬಡ್ಡಿಯನ್ನು ಬೇಗ ಹಿಡಿದರು. ಅಮ್ಮಂದಿರ ಸಂಘದ ಸಾಲದ ಮಾತು ಮನೆಯಲ್ಲಿ ಕೇಳಿರುತ್ತಾರೆ. 10,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 10ರಂತೆ ಮೂರು ವರ್ಷಕ್ಕೆ ಸರಳ ಬಡ್ಡಿಯಾದರೆ ಒಟ್ಟು 13,000. ಬಡ್ಡಿಯನ್ನು ವರ್ಷ ವರ್ಷ ಅಸಲಿಗೆ ಕೂಡಿಸುತ್ತಾ ಹೋದರೆ 13,310. ಅಲ್ಲಿ ಕೂಡುವುದು ಅಸಲು ಮತ್ತು ಬಡ್ಡಿ. ಕನ್ನಡದಲ್ಲಿ ಚಕ್ರಬಡ್ಡಿ. ಇಂಗ್ಲಿಷ್ ಕೂಡುವುದನ್ನು ನೋಡಿತು, ನಮ್ಮ ಭಾಷೆ ಸುತ್ತುವುದನ್ನು ನೋಡಿತು.

ಫ್ರ್ಯಾಕ್ಚರ್ ಮಾತ್ರ ನೋವಿನಿಂದ ಬಂತು. ಒಬ್ಬ ಹುಡುಗಿಯ ಅಪ್ಪ ಜೋಳದ ಚೀಲ ತುಂಬಿದ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆ ಚೀಟಿಯಲ್ಲಿ ಕಾಂಪೌಂಡ್ ಫ್ರ್ಯಾಕ್ಚರ್ ಎಂದು ಬರೆದಿತ್ತು. ಮನೆಯವರಿಗೆ ಯಾರೋ "ಮೂಳೆ ಪುಡಿಪುಡಿ ಆಗಿದೆ" ಅಂದುಬಿಟ್ಟಿದ್ದರು. ತಾಯಿ ಎರಡು ದಿನ ಊಟ ಬಿಟ್ಟಿದ್ದರಂತೆ. ಆ ಅರ್ಥ ತಪ್ಪು. ಮೂಳೆ ಮುರಿದ ಜಾಗಕ್ಕೆ ಚರ್ಮದ ಗಾಯವೂ ಕೂಡಿದ್ದರೆ ಅದು ಕಾಂಪೌಂಡ್ ಫ್ರ್ಯಾಕ್ಚರ್. ಈಗಿನ ಡಾಕ್ಟರುಗಳು ಓಪನ್ ಫ್ರ್ಯಾಕ್ಚರ್ ಎಂದು ಜಾಸ್ತಿ ಬರೆಯುತ್ತಾರೆ. ಹಲವು ಚೂರಾದರೆ ಅದಕ್ಕೆ ಕಮಿನ್ಯೂಟೆಡ್ ಎಂಬ ಬೇರೆ ಹೆಸರಿದೆ. ಗಾಯದ ಮೂಲಕ ಸೋಂಕು ಮೂಳೆಗೆ ಇಳಿಯಬಹುದು, ಭಯ ಇರುವುದು ಅದಕ್ಕೆ. ಅದಕ್ಕೇ ಗಾಯ ಒಣಗುವವರೆಗೆ ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಬೇಕು ಎಂದು ಅವಳಿಗೆ ಕೂರಿಸಿಕೊಂಡು ಹೇಳಿದೆ. ಅವಳು ಚೀಟಿ ಹಿಡಿದು "ಯಾವುದು ಯಾವುದರ ಜೊತೆ ಸೇರಿದೆ ಮಿಸ್? ಮುರಿತ, ಗಾಯ" ಎಂದು ಬೆರಳು ಮಡಚಿದಳು.

ವಿಜ್ಞಾನದ ಮೇಷ್ಟ್ರ ಜೊತೆ ಸೇರಿ ಮಾಡಿದ ಪಾಠದಲ್ಲಿ ನಾನೂ ಕಲಿತೆ. ಅವರು ಕಬ್ಬಿಣದ ಪುಡಿ ಮತ್ತು ಗಂಧಕ ಕಲಸಿ ಆಯಸ್ಕಾಂತ ಹಿಡಿದರು. ಕಬ್ಬಿಣ ಎದ್ದು ಅಂಟಿತು. ಇದು ಮಿಶ್ರಣ. ಅದನ್ನೇ ಕಾಯಿಸಿದ ಮೇಲೆ ಕಪ್ಪು ಗಟ್ಟಿ ಉಳಿಯಿತು. ಆಯಸ್ಕಾಂತ ಹಿಡಿದರೂ ಕಬ್ಬಿಣ ಬೇರೆಯಾಗಿ ಬರಲಿಲ್ಲ. ಇದು ಸಂಯುಕ್ತ, ಅಂದರೆ ಕಾಂಪೌಂಡ್. ಅಷ್ಟರಲ್ಲಿ ಒಬ್ಬ ಹುಡುಗ ಮನೆಯಿಂದ ತಂದಿದ್ದ ಇಂಗಿನ ಡಬ್ಬಿ ಎತ್ತಿದ. ಅದರ ಮೇಲೆ ಕಾಂಪೌಂಡೆಡ್ ಅಸಫೋಟಿಡಾ ಎಂದಿತ್ತು. ಒಳಗೆ ಇಂಗಿನ ಜೊತೆ ಗೋಧಿ ಹಿಟ್ಟು, ಗೋಂದು. ಬರೀ ಇಂಗಿನ ಘಾಟು ಜಾಸ್ತಿ, ಹಾಗಾಗಿ ಕೂಡಿಸಿ ಮಾರುತ್ತಾರೆ. "ಮಿಸ್, ಇದು ಮಿಶ್ರಣ ಅಲ್ವಾ? ಕಾಂಪೌಂಡ್ ಅಂತ ಯಾಕೆ ಬರೆದಿದ್ದಾರೆ?" ಎಂದು ಕೇಳಿದ. ಹೌದು. ಕಾಂಪೌಂಡರ್ ಕೊಡುತ್ತಿದ್ದದ್ದನ್ನೂ ಮಿಕ್ಸ್ಚರ್ ಎಂದೇ ಕರೆಯುತ್ತಿದ್ದರು. ಮಿಶ್ರಣಕ್ಕೂ ಕಾಂಪೌಂಡ್‌ಗೂ ನಡುವೆ ಗೆರೆ ಎಳೆದದ್ದು ರಸಾಯನಶಾಸ್ತ್ರ. ಅಡುಗೆಮನೆಯಲ್ಲಿ, ದವಾಖಾನೆಯಲ್ಲಿ ಆ ಗೆರೆ ಇಲ್ಲ. ಪದ ಯಾರ ಕೈಯಲ್ಲಿದೆ ಎಂದು ನೋಡದೆ ಅರ್ಥ ಹೇಳಬಾರದು ಎಂದು ನನಗೆ ಆ ಡಬ್ಬಿಯಿಂದ ಗೊತ್ತಾಯಿತು. (ಮಿಕ್ಸ್ ಮತ್ತು ನಮ್ಮ ಮಿಶ್ರ ಒಂದೇ ಬೇರಿನ ಪದಗಳು. ಲ್ಯಾಟಿನ್, ಸಂಸ್ಕೃತ ಎರಡೂ ಹಳೆಯ ಒಂದೇ ಮೂಲದಿಂದ ಅದನ್ನು ಪಡೆದವು. ಇದನ್ನು ಹೇಳಿದಾಗ ಮಕ್ಕಳಿಗಿಂತ ಮೇಷ್ಟ್ರು ಜಾಸ್ತಿ ಖುಷಿಪಟ್ಟರು.)

ಕಾಂಪೌಂಡ್ ವರ್ಡ್ ಅಂದರೆ ಸಮಾಸ. ಇದಕ್ಕೆ ಕನ್ನಡ ಮೇಡಂ ಸಹಾಯ ಮಾಡಿದರು. ಬೆಣ್ಣೆದೋಸೆ ಸಮಾಸ ಎಂದು ಎಲ್ಲರೂ ಹೇಳಿದರು, ದಾವಣಗೆರೆ ಮಕ್ಕಳಲ್ವಾ. ಮೇಡಂ ಇನ್ನೂ ಒಳಗೆ ಕರೆದುಕೊಂಡು ಹೋದರು. ಬೆಣ್ಣೆಯೂ ಸಮಾಸವೇ: ಬೆಳ್ ಅಂದರೆ ಬಿಳಿ, ನೆಯ್ ಅಂದರೆ ಜಿಡ್ಡು. ಎಣ್ಣೆಯೂ ಹಾಗೇ, ಎಳ್ಳಿನ ನೆಯ್. ನಾನು ಅದರ ಪಕ್ಕದಲ್ಲಿ ಇಂಗ್ಲಿಷಿನದು ಇಟ್ಟೆ. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆಗೆ ಎಲ್ಲರೂ ಪ್ರವಾಸ ಹೋಗಿ ಬಂದಿದ್ದರು. ಗ್ಲಾಸ್‌ಹೌಸ್ ಎಂದು ಒಂದೇ ಪದವಾಗಿ ಹೇಳುವಾಗ ಒತ್ತು ಮೊದಲಿನ ಗ್ಲಾಸ್ ಮೇಲೆ. ಬ್ಲ್ಯಾಕ್‌ಬೋರ್ಡ್ ಹಾಗೇ. ನಮ್ಮ ಶಾಲೆಯ ಹಸಿರು ಹಲಗೆಗೂ ಬ್ಲ್ಯಾಕ್‌ಬೋರ್ಡ್ ಅನ್ನಬಹುದು, ಯಾಕೆಂದರೆ ಎರಡು ಸೇರಿ ಒಂದು ಹೆಸರಾಗಿದೆ. ಬರೀ ಕಪ್ಪು ಬಣ್ಣದ ಹಲಗೆ ಎನ್ನಬೇಕಾದರೆ ಒತ್ತು ಬೋರ್ಡ್ ಮೇಲೆ ಬೀಳುತ್ತದೆ.

ಒತ್ತಿನ ಆಟ ಕಾಂಪೌಂಡ್‌ನಲ್ಲೇ ಇದೆ. ಹೆಸರಾಗಿ ಬಂದಾಗ ಕಾಂ ಮೇಲೆ ಒತ್ತು. ಕ್ರಿಯೆಯಾಗಿ ಬಂದಾಗ ಪೌಂ ಮೇಲೆ, ಕಿವಿಗೆ ಕಂಪೌಂಡ್ ಎಂದೇ ಕೇಳುತ್ತದೆ. ಈ ಕ್ರಿಯಾಪದ ಒಂದು ಕಡೆ ಕೆಡಿಸುತ್ತದೆ, ಒಂದು ಕಡೆ ಸರಿಪಡಿಸುತ್ತದೆ. ಜೋಳದ ರೇಟು ಬಿದ್ದಿದೆ, ಅದರ ಮೇಲೆ ಕಣದಲ್ಲಿದ್ದ ರಾಶಿಗೆ ಮಳೆ ಹೊಡೆಯಿತು ಅಂದರೆ ಮಳೆ ಕಷ್ಟವನ್ನು ಕಂಪೌಂಡ್ ಮಾಡಿತು. ನಮ್ಮಲ್ಲಿ ಗಾಯದ ಮೇಲೆ ಬರೆ ಎಳೆದಂತೆ ಅನ್ನುತ್ತೇವೆ. ಕೋರ್ಟಿನಲ್ಲಿ ಅಪರಾಧವನ್ನು ಕಂಪೌಂಡ್ ಮಾಡಿದರು ಅಂದರೆ ರಾಜಿ ಮಾಡಿಕೊಂಡರು. ಒಬ್ಬ ಪೋಷಕರು ಚೆಕ್ ಬೌನ್ಸ್ ನೋಟಿಸ್ ಹಿಡಿದು ಶಾಲೆಗೇ ಬಂದಿದ್ದರು. ಅವರ ವಕೀಲರು ಕಾಂಪೌಂಡಬಲ್ ಅಂದದ್ದು ಕೇಳಿ, ಬಡ್ಡಿ ಚಕ್ರಬಡ್ಡಿ ಆಗುತ್ತದೆ ಎಂದು ಹೆದರಿದ್ದರು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಚೆಕ್ ಬೌನ್ಸ್ 138ನೇ ಸೆಕ್ಷನ್. ಆ ಕಾಯ್ದೆಯ ಅಪರಾಧಗಳೆಲ್ಲ ರಾಜಿ ಆಗಬಲ್ಲವು ಎಂದು 147ನೇ ಸೆಕ್ಷನ್ ಹೇಳುತ್ತದೆ. "ಕೂತು ಮಾತಾಡಿ ಮುಗಿಸಬಹುದು ಅಂತ ಅರ್ಥ, ವಕೀಲರನ್ನೇ ಇನ್ನೊಮ್ಮೆ ಕೇಳಿ" ಅಂದೆ. ಬೆಂಚಿನ ಮೇಲೆ ಕೂತು ನೀರು ಕುಡಿದು ಹೋದರು.

ಗೋಡೆ ಮುಗಿದ ಮೇಲೆ ಒಳಬದಿಗೆ ಮಕ್ಕಳಿಂದ ಚಿತ್ರ ಬರೆಸಿದೆವು. ಒಂದು ದೊಡ್ಡ ಬೇವಿನ ಕಡ್ಡಿ. ಅದರ ಒಂದೊಂದು ಸಣ್ಣ ಎಲೆಯಲ್ಲಿ ಒಂದೊಂದು ಕನ್ನಡ ಪದ: ಸಮಾಸ, ಸಂಯುಕ್ತ, ಚಕ್ರಬಡ್ಡಿ, ರಾಜಿ, ಬರೆ. ಕಡ್ಡಿಗೆ ಸೇರದಂತೆ, ಕೆಳಗೆ ನೆಲದ ಮೇಲೆ ಒಂದು ಅರಳಿ ಎಲೆ ಬರೆದು ಅದರಲ್ಲಿ ಗೋಡೆ ಎಂದು ಬರೆದವನು ಆ ಗೌಂಡಿಯ ಮಗ. ಈ ವರ್ಷ ಒಂಬತ್ತನೇ ತರಗತಿಯವರು ಏರೋಪ್ಲೇನ್ ಚಿಟ್ಟೆ ಹಿಡಿದು ತಂದು, ಅದರ ಕಣ್ಣಿನಲ್ಲಿ ಸಾವಿರಾರು ಸಣ್ಣ ಕಣ್ಣುಗಳಿವೆಯಂತೆ, ಇದಕ್ಕೂ ಕಾಂಪೌಂಡ್ ಐ ಅಂತಾರಲ್ವಾ ಎಂದು ಕೇಳಿದರು. ಚಿಟ್ಟೆಯನ್ನು ಹಾರಲು ಬಿಡಿ ಎಂದು ಹೇಳಿ, ಹಸಿರು ಪೇಂಟಿನ ಡಬ್ಬಿ ತೆಗೆದುಕೊಟ್ಟೆ. ಕಡ್ಡಿಯ ತುದಿಯಲ್ಲಿ ಇನ್ನೂ ಜಾಗ ಇದೆ.